ಬಯಲುಸೀಮೆಯ ಬಾಲಕನೂ ಚಿತ್ರಕಥೆಯ ಕಡಲ್ಗಳ್ಳನೂ

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ - ಈ ನಾಲ್ಕೂ ಕಡಲನ್ನು ಕಾಣದ ಸೀಮೆಗಳು. ನಂದಿಯ ಬೆಟ್ಟಸಾಲಿನಲ್ಲಿ ಹುಟ್ಟಿದ ಉತ್ತರ ಪಿನಾಕಿನಿಯು ಗೌರಿಬಿದನೂರನ್ನು ಹಾದು ಬಂಗಾಳಕೊಲ್ಲಿಯನ್ನು ಸೇರುತ್ತದೆಂದು ಪಾಠದಲ್ಲಿ ಓದುವ ಬಾಲಕನಿಗೆ ಕಡಲೆಂಬುದು ಕೆರೆಯ ಏರಿಯ ಮೇಲೆ ನಿಂತು ಊಹಿಸಿಕೊಳ್ಳಬೇಕಾದ ವಸ್ತು. ಹೀಗಿದ್ದೂ ಕಡಲ್ಗಳ್ಳನನ್ನು ಮಾತ್ರ ಅವನು ಚೆನ್ನಾಗಿ ಬಲ್ಲ. ಒಂದು ಕಣ್ಣಿಗೆ ಕರಿಯ ಪಟ್ಟಿ, ಮರದ ಕಾಲು, ಸೊಂಟದಲ್ಲಿ ಬಾಗಿದ ಕತ್ತಿ, ತಲೆಬುರುಡೆಯ ಬಾವುಟ! ಈ ಪರಿಚಯವನ್ನು ಮಾಡಿಕೊಟ್ಟದ್ದು ಚಿತ್ರಕಥೆ. ಹಿಂದೆ ಅದು ಪಠ್ಯಪುಸ್ತಕದ ಮರೆಯಲ್ಲಿ ಬರುತ್ತಿತ್ತು; ಇಂದು ಮೊಬೈಲಿನ ಪರದೆಯ ಮೇಲೆ ಬರುತ್ತಿದೆ.

ಸಾಹಸವೀರರ ಚಿತ್ರಕಥೆಗಳಲ್ಲಿ ಕಡಲ್ಗಳ್ಳನದು ಸಾಮಾನ್ಯವಾಗಿ ಸಣ್ಣ ಪಾತ್ರ. ನಾಲ್ಕು ಪುಟ ಅಬ್ಬರಿಸಿ ಐದನೆಯದರಲ್ಲಿ ಗುದ್ದು ತಿಂದು ಮರೆಯಾಗುವುದೇ ಅವನ ಪಾಡು. ಅವನಿಗೆ ತಾಯಿತಂದೆಗಳಿಲ್ಲ, ಹಸಿವಿಲ್ಲ, ಪಶ್ಚಾತ್ತಾಪವಿಲ್ಲ, ಇರುವುದು ವೇಷವೊಂದೇ. ಇಂತಹ ಪುಸ್ತಕಗಳನ್ನು ಕಂಡೊಡನೆ ಕಿತ್ತುಕೊಳ್ಳುವುದು ಅಧ್ಯಾಪಕರಲ್ಲಿ ಬಹುಕಾಲದಿಂದ ಬಂದ ರೂಢಿ. ಆದರೆ ಕಿತ್ತುಕೊಂಡ ಮಾತ್ರಕ್ಕೆ ಚಿತ್ರ ಮನಸ್ಸಿನಿಂದ ಅಳಿಯದು. ಚಿತ್ರಕಥೆಯ ದೋಷ ಅದರ ಚಿತ್ರದಲ್ಲಿಲ್ಲ; ಕೆಡುಕನ್ನು ವೇಷದಿಂದಲೇ ಗುರುತಿಸಬಹುದೆಂಬ ಅದರ ಬೋಧೆಯಲ್ಲಿದೆ. ಶಾಲೆ ತಿದ್ದಬೇಕಾದದ್ದು ಅದನ್ನು.

ಉದಾಹರಣೆಗೆ ಫ್ಯಾಂಟಮ್ ಕಥೆಯನ್ನೇ ತೆಗೆದುಕೊಳ್ಳಬಹುದು. ಅಮೆರಿಕದ ಲೀ ಫಾಕ್ 1936ರಲ್ಲಿ ಸೃಷ್ಟಿಸಿದ ಈ ವೀರನು 1964ರಲ್ಲಿ ಆರಂಭವಾದ ಇಂದ್ರಜಾಲ ಕಾಮಿಕ್ಸ್ ಮಾಲೆಯ ಮೂಲಕ ಭಾರತದ ಮಕ್ಕಳಿಗೆ ಆಪ್ತನಾದನು. ಆ ಮಾಲೆ ಕನ್ನಡದಲ್ಲಿಯೂ ಬರುತ್ತಿದ್ದು, 1990ರಲ್ಲಿ ನಿಂತುಹೋಯಿತು. ಕಥೆಯ ಪ್ರಕಾರ 1536ರಲ್ಲಿ ಕಡಲ್ಗಳ್ಳರು ಒಂದು ಹಡಗನ್ನು ಸುಲಿದು ಅದರ ನಾಯಕನನ್ನು ಕೊಲ್ಲುತ್ತಾರೆ. ಬದುಕುಳಿದ ಮಗನು ತಂದೆಯ ಕೊಲೆಗಾರನ ತಲೆಬುರುಡೆಯ ಮೇಲೆ ಕೈಯಿಟ್ಟು ಕಡಲ್ಗಳ್ಳತನದ ನಾಶಕ್ಕೆ ಪ್ರತಿಜ್ಞೆ ಮಾಡುತ್ತಾನೆ. ಆ ಕಳ್ಳರ ಕೂಟಕ್ಕೆ ಮೂಲದಲ್ಲಿ ಇಟ್ಟ ಹೆಸರು 'ಸಿಂಗ್'. ಭಾರತದ ಮುದ್ರಣದಲ್ಲಿ ಅದನ್ನು 'ಸಿಂಗ' ಎಂದು ತಿದ್ದಲಾಯಿತು. ಒಂದು ಅಕ್ಷರದ ತಿದ್ದುಪಡಿ ಅಲ್ಪವೆಂದು ತೋರಬಹುದು. ಆದರೆ ಕೋಟ್ಯಂತರ ಸಜ್ಜನರ ಹೆಸರು ಕಳ್ಳರ ಪಾಲಾಗಬಾರದೆಂಬ ವಿವೇಕ ಅದರಲ್ಲಿದೆ.

ಇನ್ನು ಇತಿಹಾಸದ ಮಾತು. ಕಥೆಯು ಹೇಳುವ ಆ ಕಾಲದಲ್ಲಿ ಹಿಂದೂ ಮಹಾಸಾಗರದಲ್ಲಿ ಹಡಗುಗಳನ್ನು ಹಿಡಿಯುತ್ತಿದ್ದವರು ಯಾರು? 1502ರಲ್ಲಿ ಮೆಕ್ಕಾ ಯಾತ್ರೆಯಿಂದ ಹಿಂದಿರುಗುತ್ತಿದ್ದ ಹಡಗನ್ನು ಯಾತ್ರಿಕರ ಸಮೇತ ಸುಡಿಸಿದವನು ವಾಸ್ಕೋ ಡ ಗಾಮ. ತಮ್ಮ ರಹದಾರಿಯಿಲ್ಲದೆ ಸಾಗುವ ಹಡಗುಗಳನ್ನು ವಶಪಡಿಸಿಕೊಳ್ಳುವುದು ಪೋರ್ಚುಗೀಸರ ಪದ್ಧತಿಯಾಗಿತ್ತು. ಹೊನ್ನಾವರದ ತಿಮ್ಮಯ್ಯನನ್ನು ಅವರ ಬರಹಗಳು ಕಡಲ್ಗಳ್ಳನೆಂದು ಕರೆದವು. 1510ರಲ್ಲಿ ಆಲ್ಬುಕರ್ಕನಿಗೆ ಗೋವೆಯನ್ನು ಗೆಲ್ಲಲು ನೆರವಾದಾಗ ಅದೇ ತಿಮ್ಮಯ್ಯನು ಮಿತ್ರನಾದನು. ಕಳ್ಳನೆಂಬ ಹೆಸರನ್ನು ಹಂಚುವ ಅಧಿಕಾರವು ಲೇಖನಿ ಹಿಡಿದವನ ಕೈಯಲ್ಲಿರುತ್ತದೆಂಬ ಈ ಪಾಠವು ಚಿತ್ರಕಥೆಯಲ್ಲಿಲ್ಲ. ಅದನ್ನು ಅಧ್ಯಾಪಕನೇ ಹೇಳಬೇಕು.

ಹೇಳಲು ದೂರ ಹೋಗಬೇಕಾಗಿಯೂ ಇಲ್ಲ. ಚಿಂತಾಮಣಿ ತಾಲ್ಲೂಕಿನ ಕೈವಾರವೇ ಏಕಚಕ್ರಪುರವೆಂದೂ, ಭೀಮನು ಬಕಾಸುರನನ್ನು ಕೊಂದದ್ದು ಅಲ್ಲಿಯೇ ಎಂದೂ ಸ್ಥಳೀಯರ ನಂಬಿಕೆ. ಬಂಡಿ ಅನ್ನ ಉಂಡ ಬಕನ ಹೊಟ್ಟೆಯನ್ನು ಕಂಡು ನಗುವ ಮಕ್ಕಳಿಗೆ ವ್ಯಾಸರ ಇನ್ನೊಂದು ಮಾತನ್ನೂ ತಿಳಿಸಬೇಕು: ಕಾಯಬೇಕಾದ ಅರಸನು ದುರ್ಬಲನಾಗಿದ್ದುದರಿಂದಲೇ ಆ ನಾಡು ಬಕನ ಕೈಗೆ ಸಿಕ್ಕಿತು; ಶತ್ರುಭಯದಿಂದ ಕಾಯುವ ನೆಪದಲ್ಲಿ ಅವನು ಮನೆಗೊಂದು ಸರದಿಯಂತೆ ನರಬಲಿಯನ್ನು ಪಡೆಯುತ್ತಿದ್ದನು. ರನ್ನನ ಗದಾಯುದ್ಧದಲ್ಲಿ ದುರ್ಯೋಧನನು ಶತ್ರುಪುತ್ರನಾದ ಅಭಿಮನ್ಯುವಿನ ಶವದ ಮುಂದೆ ನಿಂತು ಅವನ ಶೌರ್ಯಕ್ಕೆ ತಲೆಬಾಗುತ್ತಾನೆ. ಖಳನಲ್ಲಿಯೂ ಮನುಷ್ಯನನ್ನು ಕಾಣುವುದು ಕನ್ನಡ ಕಾವ್ಯದ ದೃಷ್ಟಿ.

ಅತ್ತ ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ 1938ರ ಏಪ್ರಿಲ್ 25ರಂದು ರಾಷ್ಟ್ರಧ್ವಜಕ್ಕಾಗಿ ನೆರೆದ ಜನರ ಮೇಲೆ ಗುಂಡು ಹಾರಿತು. ಹಲವರು ಪ್ರಾಣ ತೆತ್ತರು. ಅಂದು ಗುಂಡು ಹಾರಿಸಿದವರ ಕಣ್ಣಿಗೆ ಕರಿಯ ಪಟ್ಟಿಯಿರಲಿಲ್ಲ, ಅವರ ಹಿಂದೆ ತಲೆಬುರುಡೆಯ ಬಾವುಟವಿರಲಿಲ್ಲ. ಅವರು ತೊಟ್ಟಿದ್ದುದು ಕಾನೂನಿನ ಸಮವಸ್ತ್ರ. ವೇಷದಿಂದ ಕೆಡುಕನ್ನು ಗುರುತಿಸಲು ಕಲಿತ ಮಗುವಿಗೆ ಆ ಸ್ಮಾರಕದ ಮುಂದೆ ನಿಂತಾಗ ಏನು ಅರ್ಥವಾದೀತು? ಮುಂದೆ ಕೆರೆಯ ಅಂಗಳವನ್ನು ಒತ್ತುವವನೂ, ತೂಕದಲ್ಲಿ ರೈತನಿಗೆ ಮೋಸ ಮಾಡುವವನೂ ಶುಭ್ರವಸ್ತ್ರಧಾರಿಯಾಗಿ ಎದುರಾದಾಗ ಅದು ಕೈಮುಗಿದೇ ನಿಂತೀತು.

ವೇಷ ನೋಡಿ ಒಬ್ಬನನ್ನು ಒಳ್ಳೆಯವನೆಂದು ನಂಬುವುದು ಎಷ್ಟು ತಪ್ಪೋ, ಒಮ್ಮೆ ಕಳ್ಳನಾದವನು ಎಂದೆಂದಿಗೂ ಕಳ್ಳನೆಂದು ತಳ್ಳುವುದೂ ಅಷ್ಟೇ ತಪ್ಪು. ಕನ್ನದ ಮಾರಿತಂದೆಯು ಮೊದಲು ಮನೆಗಳಿಗೆ ಕನ್ನ ಕೊರೆಯುತ್ತಿದ್ದವನೆಂದು ಪರಂಪರೆ ಹೇಳುತ್ತದೆ. ಶರಣಸಮೂಹವು ಅವನನ್ನು ಹೊರಗಿಡಲಿಲ್ಲ. ಅವನ ಹಿಂದಿನ ವೃತ್ತಿಯ ಹೆಸರನ್ನೂ ಅಳಿಸಲಿಲ್ಲ. ಇಂದಿಗೂ ವಚನಕಾರರ ಸಾಲಿನಲ್ಲಿ ಅವನು ಅದೇ ಹೆಸರಿನಿಂದ ಗೌರವಾನ್ವಿತನಾಗಿದ್ದಾನೆ. ಚಿತ್ರಕಥೆಯ ಕಡಲ್ಗಳ್ಳನಿಗೆ ಕೊನೆಗೆ ದೊರೆಯುವುದು ಗುದ್ದು. ಮಾರಿತಂದೆಗೆ ದೊರೆತದ್ದು ಮನೆ.

ಆದುದರಿಂದ ಶಾಲೆಯ ಪುಸ್ತಕಭಂಡಾರದಿಂದ ಚಿತ್ರಕಥೆಗಳನ್ನು ಹೊರಹಾಕುವುದು ಬೇಡ. ಅವುಗಳ ಪಕ್ಕದಲ್ಲಿ ಬಕನ ಕಥೆಯಿರಲಿ, ಗದಾಯುದ್ಧದ ಸರಳ ಗದ್ಯವಿರಲಿ, ಕರಾವಳಿಯ ಇತಿಹಾಸವಿರಲಿ, ವಚನಗಳಿರಲಿ. ದಾನಿಗಳು ಕಟ್ಟಡಕ್ಕೆ ಕೊಡುವ ಕಲ್ಲಿನ ಜೊತೆಗೆ ಒಂದು ಕಪಾಟು ಪುಸ್ತಕವನ್ನೂ ಕೊಡಲಿ. ಹಳೆಯ ವಿದ್ಯಾರ್ಥಿಗಳು ಅಟ್ಟದ ಮೇಲಿಟ್ಟ ಹಳೆಯ ಇಂದ್ರಜಾಲದ ಪ್ರತಿಗಳನ್ನು ನಾಚದೆ ತಂದೊಪ್ಪಿಸಲಿ. ಅಧ್ಯಾಪಕರು ಅವನ್ನು ಕಿತ್ತುಕೊಳ್ಳದೆ ತೆರೆದು, 'ಮಗು, ಈ ಕಥೆಯಲ್ಲಿ ಕಳ್ಳನಾರು? ಹಾಗೆಂದು ಹೇಳಿದವರಾರು?' ಎಂದು ಕೇಳಲಿ. ಆ ಎರಡು ಪ್ರಶ್ನೆಗಳನ್ನು ಕಲಿತ ಬಾಲಕನು ಕಡಲನ್ನು ಕಾಣದಿದ್ದರೂ ಲೋಕವನ್ನು ಕಂಡಾನು.