ಎರಡನೇ ಬ್ಯಾನರಿನ ದುಡ್ಡು

ಕಾಲೇಜು ವಾರ್ಷಿಕೋತ್ಸವದ ಬ್ಯಾನರ್ ತರಲು ನಾವು ನಾಲ್ವರು ಕೊಳ್ಳೇಗಾಲದ ಒಂದು ಫ್ಲೆಕ್ಸ್ ಅಂಗಡಿಗೆ ಹೋಗಿದ್ದೆವು. ಬಿಚ್ಚಿದರೆ ಹಸಿರು ಹಿನ್ನೆಲೆಯ ತುಂಬ ಬಿಳಿ ಗೆರೆ. ಉರ್ದು ಸಾಲಿನಲ್ಲಿ ಒಂದು ಚುಕ್ಕೆ ಇರಬೇಕಾದಲ್ಲಿ ಎರಡು. ಚುಕ್ಕೆ ಬದಲಾದರೆ ಅಕ್ಷರವೇ ಬದಲಾಗುವ ಲಿಪಿ ಅದು! "ಇನ್ನೊಂದು ಹೊಡೆದುಕೊಡಿ ಅಣ್ಣಾ" ಎಂದು ಜಗಳಕ್ಕೇ ನಿಂತೆವು. ಹೊಡೆದರು. ಅದೇ ಗೆರೆ, ಅದೇ ಚುಕ್ಕೆ. ಹನೂರಿನ ಗೆಳೆಯನಿಗೆ ಬಸ್ಸೂ ತಪ್ಪಿತು.

ಆಮೇಲೆ ಅಣ್ಣ ನಾಝಲ್ ಚೆಕ್ ತೆಗೆದರು. ಪರೀಕ್ಷಾ ಗೆರೆಗಳು ಅಲ್ಲಲ್ಲಿ ತುಂಡಾಗಿದ್ದವು. ಹೆಡ್ಡಿನ ಸಣ್ಣ ರಂಧ್ರಗಳಲ್ಲಿ ಇಂಕ್ ಒಣಗಿತ್ತು, ಕ್ಲೀನಿಂಗ್ ಮಾಡಿದ ಮೇಲೆ ಬಿಳಿ ಗೆರೆ ಹೋಯಿತು. (ಚೆಕ್ ಸರಿಯಿದ್ದೂ ಸಮದೂರದಲ್ಲಿ ಗೆರೆ ಬಂದರೆ ಫ್ಲೆಕ್ಸ್ ಮುಂದೆ ಸರಿಯುವ ಅಳತೆ ತಪ್ಪಿದೆ ಎಂದರ್ಥವಂತೆ.) ಚುಕ್ಕೆ ಮಾತ್ರ ಹಾಗೇ ಇತ್ತು. ಹೆಡ್ ಹೋಗುವಾಗಲೂ ಬರುವಾಗಲೂ ಇಂಕ್ ಹಾಕುತ್ತದೆ. ಎರಡೂ ಒಂದೇ ಜಾಗಕ್ಕೆ ಬೀಳದಿದ್ದರೆ ಅಕ್ಷರ ಜೋಡಿಯಾಗಿ ಕಾಣುತ್ತದೆ. ಅದಕ್ಕೆ ಅಲೈನ್‌ಮೆಂಟ್ ಸರಿಮಾಡಬೇಕಾಯಿತು. ಅತಿಥಿಗಳ ಮುಖ ಮಸುಕಾಗಿದ್ದಕ್ಕೆ ಮಿಷನ್ ಕಾರಣವಲ್ಲ, ನಾವು ಕೊಟ್ಟಿದ್ದ ವಾಟ್ಸಾಪ್ ಫೋಟೋ.

ಒಂದಡಿ ತುಂಡಿನಲ್ಲಿ ಉರ್ದು ಸಾಲನ್ನಷ್ಟೇ ಮೊದಲು ಹೊಡೆಸಿದ್ದರೆ ಎಲ್ಲವೂ ಅಲ್ಲೇ ಗೊತ್ತಾಗುತ್ತಿತ್ತು. ಈಗ ಎರಡು ಬ್ಯಾನರ್ ಕಸ. ಪಿವಿಸಿ, ಕೊಳೆಯುವುದೂ ಇಲ್ಲ. ಪ್ಲಾಸ್ಟಿಕ್ ಫ್ಲೆಕ್ಸ್ ನಿಷೇಧಿಸಿ ಕರ್ನಾಟಕ ಸರ್ಕಾರ 2016ರಲ್ಲೇ ಅಧಿಸೂಚನೆ ಹೊರಡಿಸಿದೆ. ಮುಂದಿನ ವರ್ಷ ಬಟ್ಟೆ ಬ್ಯಾನರನ್ನೇ ಕೇಳೋಣ.

ಎರಡನೆಯದರ ದುಡ್ಡನ್ನು ನಾವು ಕೊಡಲಿಲ್ಲ. ಚೆಕ್ ತೆಗೆಯದ್ದು ಅಣ್ಣನ ತಪ್ಪು, ಅವಸರಪಡಿಸಿದ್ದು ನಮ್ಮದು. ಅರ್ಧವನ್ನಾದರೂ ಕೊಡಬೇಕೆಂಬುದು ನನ್ನ ವಾದ. ಯಳಂದೂರಿನ ಗೆಳತಿ ಒಪ್ಪಿದ್ದಾಳೆ, ಉಳಿದಿಬ್ಬರು ಇನ್ನೂ ಒಪ್ಪಿಲ್ಲ.