ಹಳೆಯ ಫ್ಲ್ಯಾಶ್, ಹೊಸ ಕ್ಯಾಮೆರಾ

ಗಡಹಿಂಗ್ಲಜದ ಸಹೋದರಿಯೊಬ್ಬರು ಪತ್ರ ಬರೆದು ಕೇಳಿದ್ದಾರೆ: ಮಗನು ಲಗ್ನದ ಫೋಟೋ ತೆಗೆಯುವ ಉದ್ಯೋಗ ಹಿಡಿಯುವವನಿದ್ದಾನೆ, ಸಾಲ ಮಾಡಿ ಡಿಜಿಟಲ್ ಕ್ಯಾಮೆರಾ ತಂದದ್ದಾಗಿದೆ. ಇಚಲಕರಂಜಿಯಲ್ಲಿ ಸ್ಟುಡಿಯೋ ನಡೆಸುತ್ತಿದ್ದ ಸೋದರಮಾವನವರು ತಮ್ಮ ಹಳೆಯ ಫ್ಲ್ಯಾಶನ್ನು ಪ್ರೀತಿಯಿಂದ ಕೊಟ್ಟಿದ್ದಾರೆ. ಅದು ಕ್ಯಾಮೆರಾದ ನೆತ್ತಿಯ ಮೇಲೆ ಸರಿಯಾಗಿ ಕೂಡುತ್ತದೆ. ಬಳಸಬಹುದೆ?

ಕೂಡುವುದು ಬೇರೆ, ಹೊಂದುವುದು ಬೇರೆ. ಫ್ಲ್ಯಾಶ್ ಸಿಕ್ಕಿಸುವ ಹಾಟ್ ಶೂವಿನ ಅಳತೆ ಬಹುತೇಕ ಕಂಪನಿಗಳಲ್ಲಿ ಒಂದೇ ಆಗಿರುವುದರಿಂದಲೇ ಈ ಗೊಂದಲ ಹುಟ್ಟುತ್ತದೆ.

ಮೊದಲ ಭಯ ವಿದ್ಯುತ್ತಿನದು. ಗುಂಡಿಯೊತ್ತಿದಾಗ ಕ್ಯಾಮೆರಾವು ಹಾಟ್ ಶೂವಿನ ನಡುವಣ ಬಿಂದುವನ್ನೂ ಅಂಚಿನ ಲೋಹವನ್ನೂ ಕ್ಷಣಮಾತ್ರ ಜೋಡಿಸುತ್ತದೆ. ಆ ಜೋಡಣೆಯೇ ಫ್ಲ್ಯಾಶಿಗೆ ಅಪ್ಪಣೆ. ಹಿಂದಿನ ರೀಲಿನ ಕ್ಯಾಮೆರಾಗಳಲ್ಲಿ ಈ ಕೆಲಸವನ್ನು ಲೋಹದ ಪಟ್ಟಿಗಳು ಮಾಡುತ್ತಿದ್ದವು. ಆದುದರಿಂದ ಫ್ಲ್ಯಾಶಿನಿಂದ ಇನ್ನೂರು ವೋಲ್ಟ್ ಬಂದರೂ ಅವು ತಾಳಿಕೊಳ್ಳುತ್ತಿದ್ದವು. ಇಂದಿನ ಕ್ಯಾಮೆರಾದಲ್ಲಿ ಅಲ್ಲಿರುವುದು ಸೂಕ್ಷ್ಮವಾದ ಇಲೆಕ್ಟ್ರಾನಿಕ್ ಸ್ವಿಚ್. 1992ರ ಅಂತರರಾಷ್ಟ್ರೀಯ ಮಾನಕವು 24 ವೋಲ್ಟನ್ನು ಮೇರೆಯೆಂದಿತು. ಕ್ಯಾನನ್ನಿನ ಕೆಲವು ಆರಂಭದ ಡಿಜಿಟಲ್ ಕ್ಯಾಮೆರಾಗಳಿಗೆ ಆರೇ ವೋಲ್ಟ್ ಮಿತಿ. ನಿಕಾನ್ ಕ್ಯಾಮೆರಾಗಳ ಕೈಪಿಡಿಗಳು 250ರವರೆಗೆ ಒಪ್ಪುತ್ತವೆ. ಫ್ಲ್ಯಾಶಿನ ಹೆಸರನ್ನು ನಂಬಿಯೂ ಪ್ರಯೋಜನವಿಲ್ಲ. 1970ರ ದಶಕದಲ್ಲಿ ಮನೆಮಾತಾಗಿದ್ದ ವಿವಿಟಾರ್ 283ರ ಮೊದಲ ತಯಾರಿಕೆಗಳಲ್ಲಿ ಇನ್ನೂರಕ್ಕೂ ಮಿಕ್ಕಿ ವೋಲ್ಟ್ ಇರುತ್ತಿತ್ತು. ಅದೇ ಹೆಸರಿನ ಮುಂದಿನ ತಯಾರಿಕೆಗಳಲ್ಲಿ ಬಹಳ ಕಡಿಮೆ.

ಆದಕಾರಣ ಅಳೆಯದೆ ಹಚ್ಚಬಾರದು. ಇಚಲಕರಂಜಿಯಲ್ಲಿ ಮಗ್ಗದ ಮೋಟರು ದುರಸ್ತಿ ಮಾಡುವ ಯಾರ ಬಳಿಯಾದರೂ ಡಿಜಿಟಲ್ ಮಲ್ಟಿಮೀಟರ್ ಇದ್ದೀತು. ಫ್ಲ್ಯಾಶಿಗೆ ಹೊಸ ಸೆಲ್ಲು ಹಾಕಿ, ಸಿದ್ಧವಾದ ಸೂಚನೆಯ ದೀಪ ಹೊತ್ತಿದ ಮೇಲೆ, ಮೀಟರನ್ನು ಡಿ.ಸಿ.ಗೆ ಇಟ್ಟು ಕೆಂಪು ಕಡ್ಡಿಯನ್ನು ನಡುವಣ ಬಿಂದುವಿಗೂ ಕಪ್ಪನ್ನು ಪಕ್ಕದ ಲೋಹಕ್ಕೂ ಮುಟ್ಟಿಸಬೇಕು. ಬೆರಳು ತಾಗಕೂಡದು. ಫ್ಲ್ಯಾಶನ್ನು ಬಿಚ್ಚುವ ಸಾಹಸವಂತೂ ಬೇಡವೇ ಬೇಡ. ಒಳಗಿನ ಕೆಪಾಸಿಟರ್ ಸೆಲ್ಲು ತೆಗೆದ ಮೇಲೂ ಪ್ರಾಣಾಪಾಯ ಮಾಡಬಲ್ಲುದು.

ಎರಡನೆಯದು ಭಾಷೆಯ ತೊಡಕು. ಗಡಿಯಲ್ಲಿರುವ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಡುವಣ ಬಿಂದು ಕೈಸನ್ನೆಯಿದ್ದಂತೆ, ಯಾರಿಗಾದರೂ ತಿಳಿಯುತ್ತದೆ. ಸುತ್ತಲಿನ ಚಿಕ್ಕ ಬಿಂದುಗಳಾದರೋ ಒಂದೊಂದು ಕಂಪನಿಯ ಒಂದೊಂದು ಭಾಷೆ. ಬೆಳಕು ಎಷ್ಟು ಬೇಕೆಂಬ ಲೆಕ್ಕವೆಲ್ಲ ಅಲ್ಲಿಯೇ ನಡೆಯುತ್ತದೆ. ಅದಕ್ಕಾಗಿಯೇ ಗೋಡಾಕ್ಸಿನಂಥ ಇತರ ತಯಾರಕರು ಟಿಟಿ685ನ್ನು ಕ್ಯಾನನ್ನಿಗೆ ಸಿ, ನಿಕಾನಿಗೆ ಎನ್, ಸೋನಿಗೆ ಎಸ್ ಎಂದು ಬೇರೆ ಬೇರೆ ಮಾಡಿ ಮಾರಿದ್ದಾರೆ. ಕೊಳ್ಳುವಾಗ ಪೆಟ್ಟಿಗೆಯ ಮೇಲಿನ ಆ ಒಂದಕ್ಷರವನ್ನು ಓದುವುದು ಅವಶ್ಯ.

ಇನ್ನೊಂದು ವಿಚಿತ್ರವಿದೆ. 2018ರಲ್ಲಿ ಬಂದ ಕ್ಯಾನನ್ 1500ಡಿ, 3000ಡಿ ಹಾಗೂ 2019ರ 200ಡಿ ಎರಡನೆಯ ಆವೃತ್ತಿ, ಈ ಮೂರರಲ್ಲಿ ನಡುವಣ ಬಿಂದುವನ್ನೇ ಕಂಪನಿಯು ತೆಗೆದುಹಾಕಿತು. ಕೈಸನ್ನೆಯೂ ಇಲ್ಲ! ಮಾವನವರ ಫ್ಲ್ಯಾಶ್ ಇವುಗಳ ಮೇಲೆ ಚೆನ್ನಾಗಿ ಕೂಡುತ್ತದೆ, ಆದರೆ ಬೆಳಗುವುದಿಲ್ಲ. ಕಡಿಮೆ ಬೆಲೆಯೆಂದು ಹೊಸಬರೇ ಹೆಚ್ಚಾಗಿ ಕೊಳ್ಳುವ ಕ್ಯಾಮೆರಾಗಳಲ್ಲಿ ಹೀಗೆ ಮಾಡಿದ್ದು ನನಗೆ ನ್ಯಾಯವೆನಿಸುವುದಿಲ್ಲ. ಸಹೋದರಿಯವರ ಮಗನು ಮೊದಲು ತನ್ನ ಹಾಟ್ ಶೂವಿನ ನಡುವೆ ದುಂಡನೆಯ ಬಿಂದುವಿದೆಯೇ ಎಂದು ನೋಡಲಿ.

ಬಿಂದುವಿದ್ದು ವೋಲ್ಟೂ ಕ್ಯಾಮೆರಾದ ಮಿತಿಯೊಳಗಿದ್ದರೆ ಹಳೆಯ ಫ್ಲ್ಯಾಶ್ ಖಂಡಿತ ಉಪಯೋಗಕ್ಕೆ ಬರುತ್ತದೆ. ಬೆಳಕಿನ ಲೆಕ್ಕವನ್ನು ಮಾತ್ರ ತಾನೇ ಹಾಕಬೇಕು. ಕೊಲ್ಲಾಪುರದ ಬಾಬೂರಾವ್ ಪೇಂಟರರು 1923ರ ‘ಸಿಂಹಗಡ’ ಚಿತ್ರಕ್ಕೆ ಕೃತಕ ಬೆಳಕು ಬಳಸಿದಾಗ ಅವರಿಗೆ ಲೆಕ್ಕ ಹಾಕಿಕೊಡುವ ಯಂತ್ರವಿರಲಿಲ್ಲ. ಷಟರಿನ ವೇಗವನ್ನು ಕ್ಯಾಮೆರಾ ಒಪ್ಪುವ ಮಿತಿಯಲ್ಲಿ, ಸಾಮಾನ್ಯವಾಗಿ ಸೆಕೆಂಡಿನ 1/200ಕ್ಕೆ ಮೀರದಂತೆ, ಇಡಬೇಕು. ಮೀರಿದರೆ ಚಿತ್ರದಲ್ಲಿ ಕಪ್ಪು ಪಟ್ಟಿ ಬೀಳುತ್ತದೆ. ಮನೆಯವರನ್ನೇ ನಿಲ್ಲಿಸಿ ನಾಲ್ಕು ದಿನ ಅಭ್ಯಾಸ ಮಾಡಲಿ. ಅಕ್ಕಿಕಾಳು ಬೀಳುವ ಹೊತ್ತು ಮರಳಿ ಬಾರದು. ಮೀಟರು ಹೆಚ್ಚು ವೋಲ್ಟ್ ತೋರಿಸಿದರೆ ಮಾವನವರ ಫ್ಲ್ಯಾಶ್ ಕಪಾಟಿನಲ್ಲಿಯೇ ಇರಲಿ. ಕೊಲ್ಲಾಪುರಕ್ಕೆ ಹೋಗುವಾಗ ಕ್ಯಾಮೆರಾವನ್ನು ಜೊತೆಗೊಯ್ದು, ಅಂಗಡಿಯಲ್ಲಿಯೇ ಹಚ್ಚಿ ಹತ್ತು ಚಿತ್ರ ತೆಗೆದು ನೋಡಿ, ಆಮೇಲೆ ದುಡ್ಡು ಕೊಡಲಿ.