ಆ ಹೆಣ್ಣನ್ನು ಯಾರಾದರೂ ಕೇಳಿದಿರಾ?

ಸ್ಪೇನ್ ದೇಶದ ಪೆದ್ರೊ ಅಲ್ಮೊದೊವಾರ್ 2002ರಲ್ಲಿ ಒಂದು ಸಿನಿಮಾ ಮಾಡಿದ. ಅದರ ಹೆಸರು ಕನ್ನಡದಲ್ಲಿ 'ಅವಳ ಜೊತೆ ಮಾತಾಡು' ಅಂತ. ಮರುವರ್ಷ ಅದರ ಚಿತ್ರಕತೆಗೆ ಆಸ್ಕರ್ ಬಂತು. ಪ್ರೀತಿ, ಒಂಟಿತನ, ಭಕ್ತಿ ಎಂದು ಕಲಾಚಿತ್ರದ ಪಂಡಿತರು ಕಣ್ಣೊರೆಸಿಕೊಂಡರು.

ಕತೆ ಇಷ್ಟು. ಅಲಿಸಿಯಾ ನೃತ್ಯ ಕಲಿಯುತ್ತಿದ್ದ ಹುಡುಗಿ. ಅಪಘಾತದಲ್ಲಿ ಪ್ರಜ್ಞೆ ತಪ್ಪಿ ನಾಲ್ಕು ವರ್ಷ ಮಲಗಿದಲ್ಲೇ ಇದ್ದಾಳೆ. ಬೆನಿಗ್ನೊ ಎಂಬ ನರ್ಸು ಅವಳ ಮೈ ತೊಳೆಯುತ್ತಾನೆ, ಬಿಡದೆ ಮಾತಾಡುತ್ತಾನೆ. ಒಂದು ದಿನ ನೋಡಿದರೆ ಅವಳು ಬಸುರಿ! ಆ ರಾತ್ರಿ ನಡೆದದ್ದನ್ನು ನಿರ್ದೇಶಕ ತೋರಿಸುವುದಿಲ್ಲ. ಮೂಕಿಚಿತ್ರದ ತುಣುಕೊಂದನ್ನು ಅಡ್ಡ ಎಳೆಯುತ್ತಾನೆ. ಮಗು ಸತ್ತು ಹುಟ್ಟುತ್ತದೆ, ಅವಳಿಗೆ ಎಚ್ಚರವಾಗುತ್ತದೆ. ಅವನು ಜೈಲಿನಲ್ಲಿ ಸಾಯುತ್ತಾನೆ. ಪ್ರೇಕ್ಷಕನ ಕಣ್ಣೀರು ಹರಿಯುವುದು ಅವನ ಕಡೆಗೆ.

ಪೂರಿಗಾಲಿಯಲ್ಲಿ ನಮ್ಮ ದೊಡ್ಡವ್ವನಿಗೆ ಈ ಕತೆ ಹೇಳಿದೆ. ಎಲೆಅಡಿಕೆ ಕುಟ್ಟುತ್ತಿದ್ದವಳು ಕೈ ನಿಲ್ಲಿಸಿದಳು. "ಅಲ್ಲ ಕನ್ ಮಗ, ಆ ಹೆಣ್ಣುನ್ನ ಯಾರಾರ ಕೇಳುದ್ರಾ?" ಅಂದಳು.

ಕೇಳಲಿಲ್ಲ. ಇದು ಸ್ಪೇನಿನವರ ರೋಗ ಮಾತ್ರ ಅಂದುಕೊಳ್ಳಬೇಡಿ. ಅನಂತಮೂರ್ತಿಯವರ 'ಸಂಸ್ಕಾರ' ಬಂದದ್ದು 1965ರಲ್ಲಿ. ಪಟ್ಟಾಭಿರಾಮ ರೆಡ್ಡಿ ಅದನ್ನು 1970ರಲ್ಲಿ ಸಿನಿಮಾ ಮಾಡಿ ದೇಶದ ಅತ್ಯುತ್ತಮ ಚಿತ್ರ ಎಂಬ ಪ್ರಶಸ್ತಿ ತಂದರು. ಅಲ್ಲೂ ಹಾಸಿಗೆ ಹಿಡಿದ ಹೆಣ್ಣಿದ್ದಾಳೆ, ಸೇವೆ ಮಾಡುವ ಗಂಡಸಿದ್ದಾನೆ. ಇನ್ನೊಂದು ಮದುವೆಯಾಗಿ ಎಂದು ಭಾಗೀರಥಿಯೇ ಹೇಳಿದರೂ ಪ್ರಾಣೇಶಾಚಾರ್ಯ ತನ್ನ ತ್ಯಾಗ ಬಿಡುವುದಿಲ್ಲ. ಅವಳ ರೋಗ ಅವನ ಮೋಕ್ಷಕ್ಕೆ ಮೆಟ್ಟಿಲು.

ಆ ಕಾದಂಬರಿಯ ಬೆಳ್ಳಿಯನ್ನು ನೆನೆಯಿರಿ. ಹೊಲಗೇರಿಯ ಹುಡುಗಿ. ಶ್ರೀಪತಿಗೆ ಅವಳ ಮೈ ಬೇಕು, ಮಾತು ಬೇಡ. ಇಲಿಗಳು ಕೇರಿಗೆ ನುಗ್ಗಿ ಸಾಯುತ್ತಿವೆ ಎಂದು ಬಾಯಿಬಿಟ್ಟು ಹೇಳಿದವಳು ಅವಳು. ಅವನು ಕಿವಿಗೆ ಹಾಕಿಕೊಳ್ಳಲಿಲ್ಲ. ಕೇಳಿದ್ದರೆ ಪ್ಲೇಗಿನ ಸುದ್ದಿ ಅಗ್ರಹಾರಕ್ಕೆ ಆಗಲೇ ಮುಟ್ಟುತ್ತಿತ್ತು. ಲೇಖಕರೇನೋ ಅವಳ ಮಾತು ಬರೆದಿಟ್ಟರು. ಓದಿದವರು ಮಾತ್ರ ಅರ್ಧ ಶತಮಾನ ಆಚಾರ್ಯನ ಒಳಗುದಿಯನ್ನೇ ಅಗಿದರು.

ಇನ್ನು ಭಕ್ತಿ. ಅದನ್ನು ನಮ್ಮ ಮಳವಳ್ಳಿ ಸೀಮೆಗೆ ಯಾವ ಪಂಡಿತನೂ ಕಲಿಸಬೇಕಾಗಿಲ್ಲ. ನೀಲಗಾರರು ತಂಬೂರಿ ಮೀಟಿ ಹಾಡುವ ಮಂಟೇಸ್ವಾಮಿ ಕತೆ ಕೇಳಿ. ಗುರುವಿನ ಮಾತಿಗೆ ಕಟ್ಟುಬಿದ್ದ ಸಿದ್ದಪ್ಪಾಜಿ ಕಬ್ಬಿಣದ ಭಿಕ್ಷೆಗೆ ಹಲಗೂರಿಗೆ ಹೋದ. ಪಾಂಚಾಳದವರು ವಿಷವಿಟ್ಟರು, ಪರೀಕ್ಷೆಯ ಮೇಲೆ ಪರೀಕ್ಷೆ ಒಡ್ಡಿದರು. ಎಲ್ಲಕ್ಕೂ ಅವನು ಒಡ್ಡಿದ್ದು ತನ್ನ ಮೈಯನ್ನು. ಪೆಟ್ಟು ಭಕ್ತನ ಮೈಮೇಲೆ ಬಿದ್ದರೆ ಅದು ಭಕ್ತಿ. ಬಾಯಿಲ್ಲದವಳ ಮೈಮೇಲೆ ಬಿದ್ದರೆ ಅದು ಅತ್ಯಾಚಾರ. ಇದಕ್ಕೆ ಮೂರನೆಯ ಹೆಸರಿಲ್ಲ.

ಒಂಟಿತನ ಸಣ್ಣ ನೋವಲ್ಲ, ಒಪ್ಪಿದೆ. ಬೆನಿಗ್ನೊನನ್ನು ರಾಕ್ಷಸ ಮಾಡಿ ಕೈತೊಳೆದುಕೊಳ್ಳದಿರುವುದು ಆ ಸಿನಿಮಾದ ಶಕ್ತಿ, ಅದನ್ನೂ ಒಪ್ಪಿದೆ. ಆದರೆ ಅವನ ನೋವು ಅರ್ಥವಾಯಿತು ಎಂದು ಅವಳ ಲೆಕ್ಕ ಚುಕ್ತಾ ಆಗುವುದಿಲ್ಲ. ನಾಲ್ಕು ವರ್ಷ ಮಾತಾಡಿದವನು ಅವಳ ಉತ್ತರಕ್ಕೆ ಕಾಯಲಿಲ್ಲ.

ಮುಂದಿನ ಸಲ ಈ ಸಿನಿಮಾ ತೋರಿಸುವ ಗೆಳೆಯರೇ, ಮುಂದಿನ ಸಾಲಿನಲ್ಲಿ ನಮ್ಮ ದೊಡ್ಡವ್ವನಂಥವರನ್ನು ಕೂರಿಸಿ. ಚರ್ಚೆಯನ್ನು ಅವರೇ ಶುರುಮಾಡಲಿ. ನೀವು ಆಮೇಲೆ ಮಾತಾಡುವಿರಂತೆ.